ಅಚ್ಚು ಯಾರ ಕೈಲಿ ಕೆಟ್ಟಿತು

"ಡಾಕ್ಟ್ರೇ, ಇದು ನನ್ನ ಹಲ್ಲಲ್ಲ," ಎಂದರು ಡ್ರಿಲ್ ಮೇಷ್ಟ್ರು.

ಬಾಯಿಂದ ತೆಗೆದ ಸೆಟ್ಟನ್ನು ಕರವಸ್ತ್ರದ ಮೇಲಿಟ್ಟುಕೊಂಡು, ಕಳ್ಳಮಾಲು ಕೈಗೆ ಸಿಕ್ಕಿದ ಪೊಲೀಸಿನವರ ಹಾಗೆ ಅದನ್ನೇ ದಿಟ್ಟಿಸುತ್ತಿದ್ದರು. ಕೆಳದವಡೆಯಲ್ಲಿ ಉದುರಿಹೋದ ಹಲ್ಲುಗಳ ಜಾಗಕ್ಕೆಂದು ಮಾಡಿಸಿದ, ಬೇಕೆಂದಾಗ ತೆಗೆದು ಹಾಕುವಂಥ ಸಣ್ಣ ಸೆಟ್ಟು ಅದು.

"ಯಾರದ್ದೋ ನಂಗೆ ಕೊಟ್ಟಿದ್ದೀರಿ. ನನ್ನದು ಯಾರ ಬಾಯಲ್ಲಿ ಕೂತಿದೆಯೋ ಸ್ವಲ್ಪ ವಿಚಾರಿಸಿ. ನಿನ್ನೆ ಮೈದಾನದಲ್ಲಿ ಸೀಟಿ ಊದಿದ್ರೆ ಸೀಟಿಗಿಂತ ಮುಂಚೆ ಇದೇ ಹೊರಗೆ ಬಂತು. ಮಕ್ಕಳು ಅದಕ್ಕೇ ಸಾಲಾಗಿ ನಿಂತ್ಕೊಂಡ್ರು."

ಸಹಾಯಕಿ ಮುಖ ತಿರುಗಿಸಿಕೊಂಡು ನಕ್ಕಳು. ಹಲ್ಲಿನ ಡಾಕ್ಟರಿಗೆ ನಗು ಬರಲಿಲ್ಲ. ಸೆಟ್ಟನ್ನು ತೊಳೆದು ಮತ್ತೆ ಮೇಷ್ಟ್ರ ಬಾಯಿಗಿಟ್ಟು ಬಲಗಡೆ ಒತ್ತಿದಳು, ಎಡಗಡೆ ಎದ್ದಿತು. ಎಡಗಡೆ ಒತ್ತಿದಳು, ಬಲಗಡೆ ಎದ್ದಿತು. ಎಲ್ಲೋ ಒಂದು ಕಡೆ ಉಜ್ಜಿದರೆ ಸರಿಹೋಗುವ ತೊಂದರೆಯಲ್ಲ ಇದು, ಇಡೀ ಸೆಟ್ಟೇ ಬೇರೆ ಯಾವುದೋ ದವಡೆಗೆ ಮಾಡಿದ್ದೇನೋ ಎನ್ನುವಂತಿತ್ತು. ಮೇಷ್ಟ್ರ ಮಾತಿನಲ್ಲಿ ಅರ್ಥವಿಲ್ಲದೆ ಇರಲಿಲ್ಲ.

"ಇನ್ನೊಂದ್ಸಲ ಅಳತೆ ತಗೊಳ್ತೀನಿ ಮೇಷ್ಟ್ರೇ."

"ಎಷ್ಟು ಸಲ ಬೇಕಾದ್ರೂ ತಗೊಳ್ಳಿ. ಬಾಯಿ ತೆಗೆದುಕೊಂಡೇ ಇರ್ತೀನಿ. ಮನೇಲಿ ಅದಕ್ಕೂ ಅವಕಾಶ ಇಲ್ಲ."

ಅವಳು ಗುಲಾಬಿ ಪುಡಿಗೆ ನೀರು ಹಾಕಿ ಕಲಸಿದಳು. ಆಲ್ಜಿನೇಟ್ ಎನ್ನುವ ಆ ಪುಡಿ ಬಾಯೊಳಗೆ ಸ್ವಲ್ಪ ಹೊತ್ತಿಗೇ ರಬ್ಬರಿನಂತೆ ಗಟ್ಟಿಯಾಗಿ ಹಲ್ಲು, ವಸಡು ಎಲ್ಲದರ ಗುರುತನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ಅಚ್ಚಿಗೆ ಪ್ಲಾಸ್ಟರ್ ಹುಯ್ದರೆ ಬಾಯಿಯ ಪ್ರತಿರೂಪ ಸಿಗುತ್ತದೆ. ಅದರ ಮೇಲೆ ಹಲ್ಲಿನ ಸೆಟ್ಟು ಕಟ್ಟುತ್ತಾರೆ. ಅಚ್ಚು ತೆಗೆಯುವುದು ಅವಳ ಕೆಲಸ. ಪ್ಲಾಸ್ಟರ್ ಹುಯ್ದು ಸೆಟ್ಟು ಮಾಡುವುದು ಅವಳ ಅಣ್ಣನ ಕೆಲಸ.

ಇದೊಂದೇ ಆಗಿದ್ದರೆ ಅವಳು ಅಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಕೆಲವು ತಿಂಗಳಿಂದ ಅಣ್ಣನ ಲ್ಯಾಬಿನಿಂದ ಬಂದ ಸೆಟ್ಟುಗಳು ಒಂದರ ಹಿಂದೆ ಒಂದು ವಾಪಸ್ಸಾಗುತ್ತಿದ್ದವು. ಒಂದು ಅಲ್ಲಾಡುತ್ತಿತ್ತು, ಇನ್ನೊಂದು ಒತ್ತುತ್ತಿತ್ತು. ಅಣ್ಣ ಕಳಿಸಿದ ಪ್ಲಾಸ್ಟರ್ ಮಾಡೆಲ್ಲುಗಳ ಮೇಲೆ ಉಗುರು ಆಡಿಸಿದರೆ ಸೀಮೆಸುಣ್ಣದ ಹಾಗೆ ಪುಡಿ ಉದುರುತ್ತಿತ್ತು. ಮೊದಲು ಹೀಗಿರಲಿಲ್ಲ. ಅಣ್ಣನ ಕೆಲಸ ಎಂದರೆ ಬಾಯಿಗಿಟ್ಟ ಕೂಡಲೇ ಟಕ್ಕೆಂದು ಕೂರುತ್ತಿತ್ತು.

ಮೊದಲು ಎಂದರೆ ಅಣ್ಣನಿಗೆ ಕಾಮಾಲೆ ಬರುವ ಮೊದಲು.

ಕಳೆದ ವರ್ಷ ಅವನಿಗೆ ಬಂದದ್ದು ರಕ್ತದಿಂದ ಹರಡುವ ಬಗೆಯ ಕಾಮಾಲೆ. ಕಣ್ಣು ಹಳದಿಯಾಗಿ, ಮೈಯೆಲ್ಲ ತುರಿಕೆಯಾಗಿ, ವಾರಗಟ್ಟಲೆ ಆಸ್ಪತ್ರೆಯಲ್ಲಿ ಬಿದ್ದುಕೊಂಡಿದ್ದ. ವಾಸಿಯಾಗಿ ಎದ್ದುಬಂದವನು ಅರ್ಧ ಆಳಾಗಿದ್ದ. ಈಗಲೂ ಲೋಟ ಹಿಡಿದರೆ ಕೈ ಸಣ್ಣಗೆ ನಡುಗುತ್ತದೆಂದು ಅವಳಿಗೆ ಅನ್ನಿಸುತ್ತಿತ್ತು. ನಿಜವಾಗಿ ನಡುಗುತ್ತಿತ್ತೋ, ಅವಳ ಕಣ್ಣೇ ಹಾಗೆ ನೋಡುತ್ತಿತ್ತೋ, ಹೇಳುವುದು ಕಷ್ಟ. ಅಣ್ಣನ ಎದುರು ಕೂತಾಗಲೆಲ್ಲ ಅವಳು ಅವನ ಮುಖ ಬಿಟ್ಟು ಬೆರಳನ್ನೇ ನೋಡುತ್ತಿದ್ದಳು.

ಸಂಜೆ ಫೋನ್ ಮಾಡಿದಳು.

"ಅಣ್ಣ, ಮೇಷ್ಟ್ರದ್ದು ಈ ಸಲವೂ ಕೂರ್ತಿಲ್ಲ."

"ನಿನ್ನ ಅಚ್ಚಲ್ಲೇ ಏನೋ ಇದೆ, ಪುಟ್ಟಿ."

"ನನ್ನ ಅಚ್ಚಲ್ಲಿ ಏನಿರುತ್ತೆ? ನಂಗೆ ಅಚ್ಚು ತೆಗೆಯೋಕೆ ಬರಲ್ವಾ?"

"ಬರಲ್ಲ ಅಂದ್ನಾ? ನನ್ನ ಮಾಡೆಲ್ ಮೇಲೆ ಸೆಟ್ ಲಕ್ಷಣವಾಗಿ ಕೂತ್ಕೊಳ್ಳುತ್ತೆ. ಬಾಯಲ್ಲಿ ಕೂರಲ್ಲ ಅಂದ್ರೆ, ಮಾಡೆಲ್ಲೇ ಬಾಯಿ ಥರ ಇಲ್ಲ ಅಂತ ಅರ್ಥ. ಮಾಡೆಲ್ ಬಂದಿದ್ದು ನಿನ್ನ ಅಚ್ಚಿಂದ."

ಅವಳಿಗೆ ಮೈ ಉರಿದುಹೋಯಿತು. ಅಷ್ಟರಲ್ಲಿ ಅವನೇ ಮಾತು ಬದಲಿಸಿದ.

"ಆ ಕ್ಯಾಮೆರಾ ಮಾರೋನು ಇನ್ನೂ ಬರ್ತಾನಾ ನಿನ್ನ ಹತ್ರ?"

ಬಾಯೊಳಗೆ ಕ್ಯಾಮೆರಾ ಆಡಿಸಿ ಕಂಪ್ಯೂಟರಿನಲ್ಲೇ ಅಳತೆ ತೆಗೆಯುವ ಯಂತ್ರ ಮಾರುವವನೊಬ್ಬ ಆಗಾಗ ಕ್ಲಿನಿಕ್ಕಿಗೆ ಬಂದು ಹೋಗುತ್ತಿದ್ದ. ಅದನ್ನು ಕೊಂಡರೆ ಅಚ್ಚೂ ಬೇಡ, ಪ್ಲಾಸ್ಟರೂ ಬೇಡ, ಬಹುಮಟ್ಟಿಗೆ ಅಣ್ಣನೂ ಬೇಡ. ಅವಳು ಆ ಮಾರುವವನಿಗೆ ಹೂಂ ಎಂದೂ ಹೇಳಿರಲಿಲ್ಲ, ಉಹೂಂ ಎಂದೂ ಹೇಳಿರಲಿಲ್ಲ.

"ಯಾಕೆ ಕೇಳ್ತಿದ್ದೀಯ?"

"ಸುಮ್ನೆ ಕೇಳ್ದೆ," ಎಂದು ಅವನು ಫೋನಿಟ್ಟ.

ಸುಮ್ಮನೆ ಕೇಳಿದ ಮಾತಲ್ಲ ಅದು. ತನ್ನನ್ನು ಬಿಡಲು ತಂಗಿಯೇ ನೆಪ ಹುಡುಕುತ್ತಿದ್ದಾಳೆ, ಕೂರುವ ಸೆಟ್ಟನ್ನೂ ಕೂರುತ್ತಿಲ್ಲ ಎನ್ನುತ್ತಿದ್ದಾಳೆ ಎಂದು ಅವನ ತಲೆಯಲ್ಲಿ ಹುಳ ಹೊಕ್ಕಿದೆಯೆಂದು ಅವಳಿಗೆ ಅರ್ಥವಾಯಿತು. ಅವಳ ತಲೆಯಲ್ಲಂತೂ ಆಗಲೇ ಬೇರೊಂದು ಹುಳ ಗೂಡು ಕಟ್ಟಿತ್ತು: ಅಣ್ಣನ ಕೈ ಕೆಟ್ಟಿದೆ, ಒಪ್ಪಿಕೊಳ್ಳಲು ಅವನಿಗೆ ಮನಸ್ಸಿಲ್ಲ.

ಆದರೂ ಮೊದಲು ತನ್ನ ಕ್ಲಿನಿಕ್ಕನ್ನೇ ಶೋಧಿಸಿಕೊಂಡಳು. ಪುಡಿ ನಕಲಿಯಿರಬಹುದೇ ಎಂದು ಹೊಸ ಡಬ್ಬ ತರಿಸಿದಳು. ಹಳೆಯದನ್ನು ಪೂರ್ತಿ ಕಸಕ್ಕೆ ಸುರಿದಳು. ನೀರಿನ ಅಳತೆ ತಪ್ಪುತ್ತಿದೆಯೇ ಎಂದು ಕಲಸುವ ಕೆಲಸವನ್ನು ತಾನೇ ವಹಿಸಿಕೊಂಡಳು. ಸಹಾಯಕಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದಳು. ಅಚ್ಚನ್ನು ಬಾಯಿಂದ ತೆಗೆದ ಮೇಲೆ ನಲ್ಲಿಯಡಿ ಎಂಜಲು, ರಕ್ತ ಹೋಗುವಂತೆ ತೊಳೆಯುವುದು. ಸೋಂಕು ಉಳಿಯದಂತೆ ಬ್ಲೀಚ್ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸುವುದು. ತೆಗೆದು ಮತ್ತೆ ತೊಳೆದು, ಒದ್ದೆ ಬಟ್ಟೆ ಸುತ್ತಿ, ಚೀಲದಲ್ಲಿ ಹಾಕಿ ಅಣ್ಣನಿಗೆ ಕಳಿಸುವುದು. ಸಹಾಯಕಿ ಗಡಿಯಾರ ನೋಡಿಕೊಂಡೇ ಎಲ್ಲ ಮಾಡುತ್ತಿದ್ದಳು.

ಎರಡು ದಿನ ಸಹಿಸಿಕೊಂಡ ಅವಳು ಮೂರನೆಯ ದಿನ ಕೇಳಿಯೇ ಬಿಟ್ಟಳು. "ಮೇಡಂ, ನನ್ನ ಮೇಲೆ ಏನಾದ್ರೂ ಅನುಮಾನಾನಾ? ಹಿಂದೆ ನಿಂತ್ಕೊಂಡ್ರೆ ನಂಗೆ ಕೈಕಾಲೇ ಆಡಲ್ಲ."

"ಇಲ್ಲಮ್ಮ, ಸುಮ್ನೆ ನೋಡ್ತಿದ್ದೀನಿ."

"ಈ ಬ್ಲೀಚ್ ನೀರಿನ ವಿಷಯ ನಿಮ್ಮ ಅಣ್ಣನಿಗೆ ಹೇಳ್ಬೇಡ ಅಂದಿದ್ರಿ. ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ."

ಡಾಕ್ಟರ್ ಬೇಸಿನ್ ಕಡೆ ತಿರುಗಿ ಕೈ ತೊಳೆಯತೊಡಗಿದಳು. ಆ ಮಾತು ಅವಳಿಗೆ ಮರೆತಿರಲಿಲ್ಲ. ಅಣ್ಣ ಆಸ್ಪತ್ರೆ ಸೇರುವ ತನಕ ಈ ಕ್ಲಿನಿಕ್ಕಿನಲ್ಲಿ ಅಚ್ಚುಗಳನ್ನು ಬರೀ ನಲ್ಲಿಯಡಿ ತೊಳೆದು ಕಳಿಸುತ್ತಿದ್ದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತಿಗೆ ಅವಳನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿಕೊಂಡು ಕೇಳಿದ್ದರು: "ಇದು ಇವರಿಗೆ ಎಲ್ಲಿಂದ ಬಂತು? ನೀನು ಡಾಕ್ಟರಲ್ವಾ, ಹೇಳು." ಅವಳು ಹೇಳಿದ್ದಳು: "ಎಲ್ಲಿಂದ ಬೇಕಾದ್ರೂ ಬರಬಹುದು ಅತ್ತಿಗೆ." ಅದು ಸುಳ್ಳಲ್ಲ. ಆದರೆ ಮಾರನೆಯ ದಿನವೇ ಬ್ಲೀಚ್ ದ್ರಾವಣ ತರಿಸಿದ್ದಳು. ತಾನೂ ಸಹಾಯಕಿಯೂ ಎಂದೋ ಆ ರೋಗಕ್ಕೆ ಲಸಿಕೆ ಹಾಕಿಸಿಕೊಂಡಿದ್ದರೂ, ದಿನವೂ ಆ ಅಚ್ಚುಗಳನ್ನೇ ಮುಟ್ಟುವ ಅಣ್ಣನ ನೆನಪು ಮಾತ್ರ ತನಗೆ ಬರಲಿಲ್ಲ ಎನ್ನುವುದು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈಗ ಅಚ್ಚುಗಳನ್ನು ಶುದ್ಧ ಮಾಡುತ್ತಿದ್ದೇವೆ ಎಂದರೆ ಮೊದಲು ಮಾಡುತ್ತಿರಲಿಲ್ಲ ಎಂದು ತಾನಾಗಿಯೇ ಒಪ್ಪಿಕೊಂಡಂತಾಗುತ್ತಿತ್ತು. ಅದಕ್ಕೇ ಸಹಾಯಕಿಯ ಬಾಯಿಗೆ ಬೀಗ ಹಾಕಿಸಿದ್ದಳು.

ಆ ವಾರ ಇನ್ನೊಂದು ಸಂಗತಿ ಅವಳ ಗಮನಕ್ಕೆ ಬಂತು. ಹಲ್ಲಿನ ಟೋಪಿಗೆ, ಅಂದರೆ ಕ್ಯಾಪಿಗೆ ತೆಗೆಯುವ ಅಚ್ಚು ಬೇರೆ. ಅದಕ್ಕೆ ಸಿಲಿಕೋನ್ ಬಳಸುತ್ತಾರೆ. ಅಣ್ಣ ಮಾಡಿಕೊಟ್ಟ ಕ್ಯಾಪು ಒಂದೂ ವಾಪಸ್ಸು ಬಂದಿರಲಿಲ್ಲ. ಅಂದು ಬೆಳಿಗ್ಗೆ ಒಬ್ಬ ಹೆಂಗಸಿಗೆ ಕೂರಿಸಿದ ಕ್ಯಾಪು ಎಷ್ಟು ಚೆನ್ನಾಗಿ ಕೂತಿತೆಂದರೆ, ಅಂಟು ಹಾಕುವ ಮೊದಲು ತೆಗೆಯಲು ಅವಳೇ ತಿಣುಕಬೇಕಾಯಿತು. ಕೈ ನಡುಗುವವನು ಮಾಡುವ ಕೆಲಸವಲ್ಲ ಅದು. ಕೈ ಕೆಟ್ಟಿದ್ದರೆ ಎರಡೂ ಕೆಡಬೇಕಿತ್ತು. ಕೆಡುತ್ತಿದ್ದುದು ಗುಲಾಬಿ ಅಚ್ಚಿನದು ಮಾತ್ರ.

ಗುಲಾಬಿ ಅಚ್ಚಿನ ಸ್ವಭಾವ ಅವಳು ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಗಾಳಿಗೆ ಬಿಟ್ಟರೆ ನೀರು ಬಿಟ್ಟುಕೊಂಡು ಕುಗ್ಗುತ್ತದೆ, ನೀರಿನಲ್ಲಿ ಬಿಟ್ಟರೆ ಹೀರಿಕೊಂಡು ಉಬ್ಬುತ್ತದೆ. ಸಿಲಿಕೋನಿಗೆ ಆ ರಗಳೆಯಿಲ್ಲ. ಹಾಗಾದರೆ ತನ್ನ ಬ್ಲೀಚ್ ನೀರೇ ಅಚ್ಚನ್ನು ಉಬ್ಬಿಸುತ್ತಿದೆಯೇ? ರೋಗಿಗಳಿಗೆ ತೋರಿಸಲೆಂದು ಅಣ್ಣ ಎಂದೋ ಮಾಡಿಕೊಟ್ಟ ಗಟ್ಟಿ ದವಡೆಯೊಂದು ಮೇಜಿನ ಮೇಲಿತ್ತು. ಅದಕ್ಕೆ ಸರಿಯಾಗಿ ಕೂರುವ ಒಂದು ಸೆಟ್ಟೂ ಇತ್ತು. ಆ ದವಡೆಯ ಅಚ್ಚು ತೆಗೆದು, ಹತ್ತು ನಿಮಿಷ ಬ್ಲೀಚ್ ನೀರಿನಲ್ಲಿ ಮುಳುಗಿಸಿ, ತೊಳೆದು, ತಾನೇ ಪ್ಲಾಸ್ಟರ್ ಹುಯ್ದಳು. ಗಟ್ಟಿಯಾದ ಮೇಲೆ ಸೆಟ್ಟನ್ನು ಅದರ ಮೇಲಿಟ್ಟು ಒತ್ತಿದಳು. ಟಕ್ಕೆಂದು ಕೂತಿತು. ಅಲ್ಲಾಡಲಿಲ್ಲ.

ಅಂದರೆ ಕೆಡುತ್ತಿರುವುದು ತನ್ನ ಬಾಗಿಲು ದಾಟಿದ ಮೇಲೆ.

ಅಣ್ಣ ಅಚ್ಚುಗಳನ್ನು ತಕ್ಷಣ ಹುಯ್ಯದೆ ಎಲ್ಲೋ ಬಿಸಾಡಿಟ್ಟಿರುತ್ತಾನೆ, ಸುಸ್ತಾಗಿ ಮಲಗಿಬಿಡುತ್ತಾನೆ ಎಂದುಕೊಂಡಳು. ಹೇಳದೆ ಕೇಳದೆ ಹೋಗಿ ನೋಡಿಬಿಡಬೇಕು. ಮಾರನೆಯ ದಿನ ಮಧ್ಯಾಹ್ನ ಆ ಗಟ್ಟಿ ದವಡೆ, ತಾನು ಹುಯ್ದ ಮಾಡೆಲ್ಲು, ಸೆಟ್ಟು, ಸ್ವಲ್ಪ ಗುಲಾಬಿ ಪುಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಅಣ್ಣನ ಲ್ಯಾಬ್ ಅವನ ಮನೆಯ ಕೆಳಗಿನ ಕೋಣೆ. ಬಾಗಿಲು ತೆರೆದಿತ್ತು. ಕಿಟಕಿಯ ಸರಳು, ಬಲ್ಬು, ಗೋಡೆಗಡಿಯಾರ ಎಲ್ಲದರ ಮೇಲೂ ಬಿಳಿ ಪ್ಲಾಸ್ಟರಿನ ಧೂಳು. ಮೇಜಿನ ಮೇಲೆ ಮೇಣ ಕರಗಿಸುವ ದೀಪ, ಅರ್ಧ ಕಟ್ಟಿದ ಹಲ್ಲಿನ ಸಾಲುಗಳು. ಅಣ್ಣ ಇರಲಿಲ್ಲ. ಬೇಸಿನ್ನಿನ ಮುಂದೆ ಅತ್ತಿಗೆ ನಿಂತಿದ್ದರು. ಮೊಣಕೈವರೆಗೆ ರಬ್ಬರ್ ಗ್ಲೌಸು, ಮೂಗಿಗೆ ಸೆರಗು ಕಟ್ಟಿಕೊಂಡಿದ್ದರು. ಅವಳನ್ನು ಕಂಡವರೇ ಬೆಚ್ಚಿ ಬೇಸಿನ್ನಿಗೆ ಅಡ್ಡ ನಿಂತರು.

"ಏನಮ್ಮ, ಹೇಳದೇ ಬಂದೆ?"

"ಅಣ್ಣ ಇಲ್ವಾ ಅತ್ತಿಗೆ?"

"ಪಾರ್ಸೆಲ್ ಕೊಡೋಕೆ ಹೋಗಿದ್ದಾರೆ. ಮೇಲೆ ಹೋಗಿ ಕೂತ್ಕೋ, ಬಂದೆ."

ಅವಳು ಮೇಲೆ ಹೋಗಲಿಲ್ಲ. ಮೂಗಿಗೆ ಪರಿಚಯದ ವಾಸನೆ ಬಡಿದಿತ್ತು. ಅದು ಪ್ಲಾಸ್ಟರಿನದೂ ಅಲ್ಲ, ಮೇಣದ್ದೂ ಅಲ್ಲ.

"ಅತ್ತಿಗೆ, ಸ್ವಲ್ಪ ಸರೀರಿ."

"ಅಲ್ಲೇನಿಲ್ಲ."

"ಸರೀರಿ ಅತ್ತಿಗೆ."

ಬೇಸಿನ್ನಿನೊಳಗೆ ಮುಚ್ಚಳವಿದ್ದ ಪ್ಲಾಸ್ಟಿಕ್ ಡಬ್ಬವಿತ್ತು. ಮುಚ್ಚಳ ತೆಗೆದಳು. ಬ್ಲೀಚ್ ನೀರಿನ ಘಾಟು ಕಣ್ಣಿಗೆ ಹತ್ತಿತು. ನೀರಿನಲ್ಲಿ ಗುಲಾಬಿ ಅಚ್ಚುಗಳು ಮುಳುಗಿದ್ದವು. ಎಲ್ಲಕ್ಕಿಂತ ಮೇಲಿದ್ದದ್ದು ಡ್ರಿಲ್ ಮೇಷ್ಟ್ರದು, ಹೊಸ ಡಬ್ಬದ ಪುಡಿಯಲ್ಲಿ ಮತ್ತೊಮ್ಮೆ ತೆಗೆದು ಬೆಳಿಗ್ಗೆ ಕಳಿಸಿದ್ದು.

"ಯಾವಾಗಿಂದ ಹೀಗೆ ಹಾಕ್ತಿದ್ದೀರಿ?"

ಅತ್ತಿಗೆ ಸೆರಗು ಬಿಚ್ಚಿದರು. ಸಿಕ್ಕಿಬಿದ್ದವರ ಅಳುಕು ಅವರ ಮುಖದಲ್ಲಿರಲಿಲ್ಲ.

"ಇವರು ಆಸ್ಪತ್ರೆಯಿಂದ ಬಂದಾಗಿಂದ. ನಾನೇ ಹಾಕೋದು. ಇದರಲ್ಲಿ ನೆನೆಯೋ ತನಕ ಇವರಿಗೆ ಮುಟ್ಟೋಕೆ ಬಿಡಲ್ಲ. ಮತ್ತೆ ಹೆಚ್ಚುಕಮ್ಮಿ ಆದ್ರೆ ನಾನು ಯಾರನ್ನ ಕೇಳಲಿ? ನಿನ್ನನ್ನ ಕೇಳಿದ್ದೆ. ಎಲ್ಲಿಂದ ಬೇಕಾದ್ರೂ ಬರಬಹುದು ಅಂದೆ."

"ಎಷ್ಟು ಹೊತ್ತು ಬಿಡ್ತೀರಿ?"

"ಇವರು ಹತ್ತು ನಿಮಿಷ ಅಂತಾರೆ. ಹತ್ತು ನಿಮಿಷಕ್ಕೆ ಏನು ಸಾಯುತ್ತೆ? ಮೇಲಿನ ಕೆಲಸ ಎಲ್ಲ ಮುಗಿಸಿ ಬಂದು ತೆಗೀತೀನಿ."

ಬಾಗಿಲ ಬಳಿ ಸದ್ದಾಯಿತು. ಅಣ್ಣ ನಿಂತಿದ್ದ. ತೆರೆದ ಡಬ್ಬ, ಹೆಂಡತಿಯ ಕೈಯ ಗ್ಲೌಸು, ತಂಗಿಯ ಮುಖ, ಮೂರನ್ನೂ ನೋಡಿದ.

"ತಪಾಸಣೆಗೆ ಬಂದ್ಯಾ?"

"ಹೌದು," ಎಂದಳು ಅವಳು. "ಬಂದದ್ದು ಒಳ್ಳೇದೇ ಆಯ್ತು. ಅಣ್ಣ, ಇದು ಉಬ್ಬುತ್ತೆ ಅಂತ ನಿಂಗೊತ್ತಿಲ್ವಾ?"

"ಗೊತ್ತು. ಹತ್ತು ನಿಮಿಷಕ್ಕೆ ಏನೂ ಆಗಲ್ಲ ಅಂತಾನೂ ಗೊತ್ತು. ನಿಂಗೆ ಹೇಳ್ಬೇಡ ಅಂತ ಇವಳಿಗೆ ನಾನೇ ಹೇಳಿದ್ದು. ಕೇಳಿದ್ರೆ ನೊಂದ್ಕೋತೀಯ ಅಂತ."

"ಇವರು ಹತ್ತು ನಿಮಿಷಕ್ಕೆ ತೆಗೀತಿಲ್ಲ."

ಅಣ್ಣ ಹೆಂಡತಿಯ ಕಡೆ ನೋಡಿದ. ಅತ್ತಿಗೆ ಮುಖ ಗಂಟಿಕ್ಕಿಕೊಂಡು ಗ್ಲೌಸು ಕಳಚತೊಡಗಿದರು.

"ಇನ್ನೊಂದಿದೆ," ಎಂದಳು ಅವಳು. ಹೇಳದೆ ಹೋಗಿಬಿಡಬಹುದಿತ್ತು. ಎಲ್ಲ ತಪ್ಪೂ ಅತ್ತಿಗೆಯ ತಲೆಗೆ ಕಟ್ಟಿ ಗೆದ್ದವಳಂತೆ ಹೊರನಡೆಯಬಹುದಿತ್ತು. ಆ ಆಸೆ ಒಂದು ಕ್ಷಣ ಅವಳ ಮನಸ್ಸಿಗೆ ಬಂದದ್ದೂ ನಿಜ. "ನಾನೂ ಇದನ್ನೇ ಮಾಡಿ ಕಳಿಸ್ತಿದ್ದೀನಿ. ಬ್ಲೀಚ್ ನೀರಲ್ಲಿ ಮುಳುಗಿಸಿಯೇ ಕಳಿಸೋದು. ನಿಂಗೆ ಕಾಮಾಲೆ ಆದಾಗಿಂದ."

ಅಣ್ಣ ಸ್ಟೂಲಿನ ಮೇಲೆ ಕೂತ.

"ಆದಾಗಿಂದ," ಎಂದ ನಿಧಾನವಾಗಿ. "ಅದಕ್ಕೆ ಮುಂಚೆ?"

"ಅದಕ್ಕೆ ಮುಂಚೆ ಬರೀ ನಲ್ಲಿ ನೀರು."

ಅತ್ತಿಗೆಯ ಕೈಯಿಂದ ಗ್ಲೌಸು ಕೆಳಗೆ ಬಿತ್ತು. "ನೋಡಿದ್ರಾ?" ಎಂದರು ಗಂಡನಿಗೆ. ಅಷ್ಟೇ ಎಂದದ್ದು.

ಅವಳು ತಲೆ ತಗ್ಗಿಸಿಕೊಂಡೇ ಚೀಲದಿಂದ ಗಟ್ಟಿ ದವಡೆ ತೆಗೆದು ಮೇಜಿನ ಮೇಲಿಟ್ಟಳು. ಮಾತಾಡುವುದಕ್ಕಿಂತ ಕೈಗೆ ಕೆಲಸ ಕೊಡುವುದು ಸುಲಭವೆನ್ನಿಸಿತು. ಪುಡಿ ಕಲಸಿ ಅಚ್ಚು ತೆಗೆದಳು. ಕ್ಲಿನಿಕ್ಕಿನಲ್ಲಿ ಮಾಡುವ ಹಾಗೆಯೇ ಬ್ಲೀಚ್ ನೀರಿನಲ್ಲಿ ಮುಳುಗಿಸಿ, ತೊಳೆದು, ಒದ್ದೆ ಬಟ್ಟೆ ಸುತ್ತಿಟ್ಟಳು. ಆಮೇಲೆ ಅತ್ತಿಗೆಗೆ ಕೊಟ್ಟು, "ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ," ಎಂದಳು. ಅತ್ತಿಗೆ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿ ಮೇಲೆ ಹೋದರು. ಅಡುಗೆಮನೆಯ ಪಾತ್ರೆಗಳು ಅಂದು ಬಹಳ ಜೋರಾಗಿ ಸದ್ದು ಮಾಡಿದವು.

ಕೆಳಗೆ ಅಣ್ಣ ತಂಗಿ ಇಬ್ಬರೇ ಕೂತರು.

"ನೀನು ನನ್ನ ಕೈ ನೋಡ್ತಿದ್ದೆ," ಎಂದ ಅಣ್ಣ. "ಬಂದಾಗಲೆಲ್ಲ. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ನೀನು ನೋಡ್ತೀಯ ಅಂತಾನೇ ಲೋಟ ಹಿಡಿಯೋಕೆ ಭಯ ಆಗ್ತಿತ್ತು."

"ನೀನು ನಾನು ಕ್ಯಾಮೆರಾ ತಗೊಳ್ತೀನಿ ಅಂದ್ಕೊಂಡೆ."

"ತಗೊಳ್ಳಲ್ವಾ?"

"ಗೊತ್ತಿಲ್ಲ. ತಗೊಂಡ್ರೆ ನಿಂಗೆ ಹೇಳಿ ತಗೊಳ್ತೀನಿ."

ಅವನು ಮೇಣದ ಚೂರೊಂದನ್ನು ಬೆರಳಲ್ಲಿ ಉರುಳಿಸುತ್ತ ಕೂತ. ಅವಳು ಎಷ್ಟೋ ದಿನದಿಂದ ಕಟ್ಟಿಟ್ಟುಕೊಂಡಿದ್ದ ಮಾತನ್ನು ಕೇಳಿದಳು: "ನನ್ನ ಕ್ಲಿನಿಕ್ಕಿಂದಲೇ ನಿಂಗೆ ಬಂತು ಅಂದ್ಕೊಂಡಿದ್ದೀಯಾ?"

"ಬೇರೆ ಕ್ಲಿನಿಕ್ಕಿನ ಅಚ್ಚೂ ನಂಗೆ ಬರುತ್ತೆ. ಕ್ಷೌರಕ್ಕೆ ಹೋಗಿದ್ದೆ, ಬ್ಲೇಡ್ ತಾಗಿತ್ತು. ಎಲ್ಲಿಂದ ಅಂತ ಯಾರು ಹೇಳ್ತಾರೆ?" ಸ್ವಲ್ಪ ತಡೆದು ಅಂದ, "ಆದ್ರೆ ಸುಳ್ಳು ಯಾಕೆ ಹೇಳ್ಲಿ. ಕೆಲವು ದಿನ ನಿನ್ನ ಚೀಲ ಬಿಚ್ಚುವಾಗ ನಿನ್ನ ಮೇಲೇ ಅನುಮಾನ ಬರುತ್ತೆ. ಕೆಲವು ದಿನ ಬರಲ್ಲ."

ಅವಳಿಗೆ ಕಣ್ಣು ತುಂಬಿ ಬಂತು. ಬ್ಲೀಚ್ ಘಾಟು ಎಂದುಕೊಂಡು ಒರೆಸಿಕೊಂಡಳು. ಲಸಿಕೆಯ ವಿಷಯವನ್ನೂ ಹೇಳಿದಳು, ತಾನು ಹಾಕಿಸಿಕೊಂಡು ಅವನನ್ನು ಮರೆತದ್ದನ್ನು. ಅಣ್ಣ ಮೇಣದ ಚೂರನ್ನು ಮೇಜಿನ ಮೇಲಿಟ್ಟ.

ಅತ್ತಿಗೆ ಇಳಿದು ಬಂದು ಅಚ್ಚು ತೆಗೆದುಕೊಟ್ಟಾಗ ಬಿಸಿಲು ಕಿಟಕಿಯಿಂದ ಸರಿದುಹೋಗಿತ್ತು. ಅಣ್ಣನೇ ಪ್ಲಾಸ್ಟರ್ ಕಲಸಿ, ಗುಳ್ಳೆ ಉಳಿಯದಂತೆ ತಟ್ಟಿ ತಟ್ಟಿ ಹುಯ್ದ. ಗಟ್ಟಿಯಾಗುವ ತನಕ ಮೂವರೂ ಕಾದರು. ಅಚ್ಚಿನಿಂದ ಬಿಡಿಸಿದಾಗಲೇ ಮಾಡೆಲ್ಲಿನ ಮೈ ಮಂಕಾಗಿ, ಮುಟ್ಟಿದರೆ ಪುಡಿ ಹತ್ತುವಂತಿತ್ತು. ಅಣ್ಣ ಅದರ ಮೇಲೆ ಸೆಟ್ಟಿಟ್ಟು ಒಂದು ಕಡೆ ಒತ್ತಿದ. ಇನ್ನೊಂದು ಕಡೆ ಎದ್ದಿತು. ತೆಗೆದು, ಅವಳು ಕ್ಲಿನಿಕ್ಕಿನಲ್ಲಿ ಹುಯ್ದು ತಂದಿದ್ದ ಮಾಡೆಲ್ಲಿನ ಮೇಲಿಟ್ಟ. ಟಕ್ಕೆಂದಿತು.

ಅತ್ತಿಗೆ ಎರಡನ್ನೂ ತಾವೇ ಒತ್ತಿ ನೋಡಿದರು. "ಹಾಗಾದ್ರೆ ಶುದ್ಧ ಮಾಡೋದೇ ತಪ್ಪಾ?"

"ತಪ್ಪಲ್ಲ ಅತ್ತಿಗೆ. ಮಾಡಲೇಬೇಕು. ಒಂದ್ಸಲ, ಹೇಳಿದಷ್ಟು ಹೊತ್ತು ಮಾತ್ರ. ಆಮೇಲೆ ತಕ್ಷಣ ಹುಯ್ಯಬೇಕು."

"ಯಾರು ಮಾಡೋದು? ನೀನಾ, ನಾನಾ?"

ಅದೇ ಪ್ರಶ್ನೆ. ಅಚ್ಚು ಬಾಯಿಂದ ಹೊರಬಂದ ಜಾಗದಲ್ಲೇ ಶುದ್ಧವಾಗಬೇಕು, ಇಲ್ಲದಿದ್ದರೆ ದಾರಿಯಲ್ಲಿ ಮುಟ್ಟಿದವರಿಗೂ ಅಪಾಯ. ಆದ್ದರಿಂದ ಕ್ಲಿನಿಕ್ಕಿನಲ್ಲೇ ಆಗಬೇಕು ಎಂದು ಅಣ್ಣನೇ ಹೇಳಿದ. ಹೇಳಿದವನು ಹೆಂಡತಿಯ ಮುಖ ನೋಡಿದ. ಅತ್ತಿಗೆ ಹೂಂ ಎನ್ನಲಿಲ್ಲ.

"ನಾನು ಬಂದು ನೋಡ್ತೀನಿ," ಎಂದರು.

ಬಂದರು ಕೂಡ. ಡ್ರಿಲ್ ಮೇಷ್ಟ್ರ ಅಳತೆ ಮತ್ತೆ ತೆಗೆದ ದಿನ ಬೇಸಿನ್ನಿನ ಪಕ್ಕ ಕೈಕಟ್ಟಿಕೊಂಡು ನಿಂತು, ಸಹಾಯಕಿ ಅಚ್ಚು ತೊಳೆದದ್ದು, ಮುಳುಗಿಸಿದ್ದು, ಗಡಿಯಾರ ನೋಡಿದ್ದು ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡಿದರು. ಚೀಲವನ್ನು ತಾವೇ ಕೈಯಲ್ಲಿ ಹಿಡಿದುಕೊಂಡು ಹೋದರು. ಆ ಸಲ ಮೇಷ್ಟ್ರ ಸೆಟ್ಟು ಕೂತಿತು. ಅವರು ಕನ್ನಡಿಯಲ್ಲಿ ಹಲ್ಲು ಕಿರಿದು, "ಅಂತೂ ಕದ್ದವನು ವಾಪಸ್ ಕೊಟ್ಟ," ಎಂದು ತೃಪ್ತಿಯಿಂದ ಎದ್ದು ಹೋದರು. ಅವರ ನಂತರ ಕೆಲವರ ಸೆಟ್ಟುಗಳೂ ಕೂತವು. ವಾಪಸ್ಸು ಬರುವುದು ನಿಂತಿತು.

ಅತ್ತಿಗೆ ಮಾತ್ರ ಇನ್ನೂ ಕೆಲವು ಸಲ ಬಂದು ನಿಂತು ನೋಡಿದರು. ಸಹಾಯಕಿ ಮೂಗು ಮುರಿದಳು. ಡಾಕ್ಟರ್ ಬೇಡವೆನ್ನಲಿಲ್ಲ. ಆಮೇಲೆ ಬರುವುದು ತಾನಾಗಿಯೇ ಕಡಿಮೆಯಾಯಿತು. ಅತ್ತಿಗೆಗೂ ಲಸಿಕೆ ಹಾಕಿಸಬೇಕೆಂದು ಅವಳು ಹಟ ಹಿಡಿದಾಗ, "ಈಗ ನೆನಪಾಯ್ತಾ?" ಎಂದಷ್ಟೇ ಕೇಳಿ ತೋಳು ಕೊಟ್ಟರು. ಅಣ್ಣ ಮೊದಲಿನಂತೆಯೇ ಕೆಲಸ ಕಳಿಸುತ್ತಿದ್ದ, ಮೊದಲಿನಷ್ಟು ಮಾತಾಡುತ್ತಿರಲಿಲ್ಲ. ಫೋನಿನಲ್ಲಿ ಅವನು ಸುಮ್ಮನಾದಾಗಲೆಲ್ಲ ಇವತ್ತು ಯಾವ ದಿನವಿರಬಹುದು, ಅನುಮಾನ ಬರುವ ದಿನವೋ ಬಾರದ ದಿನವೋ ಎಂದು ಅವಳು ಲೆಕ್ಕ ಹಾಕುತ್ತಿದ್ದಳು.

ಒಂದು ದಿನ ಕ್ಲಿನಿಕ್ಕಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಅತ್ತಿಗೆ ಬಂದರು. ದವಡೆ ಹಿಡಿದುಕೊಂಡಿದ್ದರು. ಹಲ್ಲುನೋವು ಬಹಳ ದಿನದಿಂದ ಇತ್ತಂತೆ. ಬೇರೆ ಡಾಕ್ಟರ ಹತ್ತಿರ ಹೋಗಲೋ ಬೇಡವೋ ಎಂದು ಯೋಚಿಸುತ್ತಿದ್ದರಂತೆ. ಕುರ್ಚಿಯಲ್ಲಿ ಕೂತು, ತಲೆಯ ಮೇಲಿನ ದೀಪ ಹತ್ತಿದ ಮೇಲೂ ತುಟಿ ಬಿಗಿದುಕೊಂಡೇ ಇದ್ದರು.

"ಈ ಕನ್ನಡಿ, ಈ ಕಡ್ಡಿ, ಇದನ್ನೆಲ್ಲ ಏನು ಮಾಡ್ತೀಯ?"

"ಯಂತ್ರದಲ್ಲಿ ಹಬೆಗಿಟ್ಟು ತೆಗೀತೀನಿ ಅತ್ತಿಗೆ."

"ಇವತ್ತು ಇಟ್ಟಿದ್ಯಾ?"

"ಬೆಳಿಗ್ಗೆ. ನಿಮ್ಮೆದುರಿಗೆ ಇನ್ನೊಂದ್ಸಲ ಇಡ್ಲಾ?"

ಅತ್ತಿಗೆ ಅವಳ ಮುಖವನ್ನು ಒಂದು ಗಳಿಗೆ ನೋಡಿದರು.

"ಇಡು," ಎಂದರು. "ಕಾಯ್ತೀನಿ."

ಅವಳು ಆ ಸಲಕರಣೆಗಳನ್ನು ಯಂತ್ರಕ್ಕಿಟ್ಟು, ಮುಚ್ಚಳ ಬಿಗಿದು, ಅತ್ತಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು.